ಕರೆಗಂಟೆ ಮತ್ತು ನನ್ನ ಧಿಮಾಕು

ನಮ್ಮೂರಿನಲ್ಲಿ ನನಗೆ ಧಿಮಾಕಿನವಳು ಎಂಬ ಹೆಸರಿತ್ತು. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ, ಕೊಳಾಯಿ ಹತ್ತಿರ ಯಾರಾದರೂ ಏನಾದರೂ ಕೇಳಿದರೆ ಸುಮ್ಮನೆ ಬಿಂದಿಗೆ ಎತ್ತಿಕೊಂಡು ಹೋಗಿಬಿಡುತ್ತಿದ್ದೆ. ನಿಜವೇನೆಂದರೆ ನನಗೆ ಕೇಳಿಸುತ್ತಿರಲಿಲ್ಲ. ಆರೇಳು ವರ್ಷದವಳಿದ್ದಾಗ ಎರಡೂ ಕಿವಿ ಸೋರಲು ಹತ್ತಿ, ಬಿಟ್ಟ ಬೆಳ್ಳುಳ್ಳಿ ಎಣ್ಣೆಯೆಲ್ಲ ದಂಡವಾಗಿ, ಕೊನೆಗೆ ಉಳಿದದ್ದು ಅಲ್ಪಸ್ವಲ್ಪ. ಹಳೇಕೋಟೆ ಹೋಬಳಿಯ ಆ ಹಳ್ಳಿಯಲ್ಲಿ ಕಿವುಡಿ ಎನ್ನಿಸಿಕೊಂಡವಳಿಗೆ ಗಂಡು ಸಿಗುವುದು ಕಷ್ಟ, ಧಿಮಾಕಿನವಳಿಗೆ ಹೇಗೋ ಸಿಗುತ್ತಾನೆ ಎಂಬುದು ನಮ್ಮವ್ವನ ನಂಬಿಕೆ. “ಮೊಖ ನೋಡ್ಕಂಡು ಮಾತಾಡು ಕಣವ್ವ, ಯಾರ್ಗೂ ಗೊತ್ತಾಗ್ಬಾರ್ದು,” ಎಂದು ತುಟಿಯನ್ನು ದೊಡ್ಡದಾಗಿ ಆಡಿಸಿ ಹೇಳುತ್ತಿದ್ದಳು.

ಹೆಣ್ಣು ನೋಡಲು ಬಂದ ದಿನ ಅವ್ವ ಬಂದವರ ಬೆನ್ನ ಹಿಂದೆ ನಿಂತು, ಅವರು ಕೇಳಿದ್ದನ್ನೆಲ್ಲ ಸದ್ದಿಲ್ಲದೆ ತುಟಿಯಲ್ಲೇ ನನಗೆ ದಾಟಿಸಿದಳು. ನಾನು ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟೆ. ಮದುವೆಯಾಗಿ ಎಂಟೇ ದಿನದಲ್ಲಿ ಗಂಡನಿಗೆ ಗೊತ್ತಾಯಿತು. ಪುಣ್ಯಾತ್ಮ, ರಂಪ ಮಾಡಲಿಲ್ಲ. ಎದುರಿಗೆ ಬಂದು ನಿಂತು ಮಾತಾಡುವುದನ್ನು ಕಲಿತುಕೊಂಡ.

ಹಾಸನಕ್ಕೆ ಬಂದು ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಇದೇ ಕಣ್ಣಾಮುಚ್ಚಾಲೆ ನಡೆಯಿತು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಬಟ್ಟೆ ಬದಲಿಸುವುದು ನನ್ನ ಕೆಲಸ. ಇದಕ್ಕೆ ಕಿವಿಗಿಂತ ಕೈ ಮುಖ್ಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆಮೇಲೆ ಸರ್ಕಾರದ ಹೊಸ ನಿಯಮಗಳು ಬಂದವು. ಬಚ್ಚಲಲ್ಲಿ ಹಿಡಿಕೆ ಇರಬೇಕು, ಮಂಚ ಮಂಚಕ್ಕೂ, ಬಚ್ಚಲಿಗೂ ಕರೆಗಂಟೆ ಇರಬೇಕು, ಕೆಲಸದವರಿಗೆ ತರಬೇತಿ ಆಗಬೇಕು, ಆರೋಗ್ಯ ತಪಾಸಣೆ ಆಗಬೇಕು. “ರೂಲ್ಸ್ ಬರ್ದೋರು ಬಂದು ಒಂದಿನ ಇಲ್ಲಿ ಡಯಾಪರ್ ಬದ್ಲಾಯಿಸ್ಲಿ,” ಎಂದು ಮ್ಯಾನೇಜರ್ ಗೊಣಗಿದರು. ಆದರೂ ಹದಿನೈದು ದಿನದಲ್ಲಿ ಎಲ್ಲವನ್ನೂ ಹಾಕಿಸಿದರು. ಹಿಡಿಕೆ ಬಂದದ್ದು ನನಗೂ ಸಂತೋಷವೇ, ನನ್ನ ಸೊಂಟ ಉಳಿಯಿತು.

ಗಂಟೆ ಮಾತ್ರ ನನ್ನ ಜೀವ ತೆಗೆಯಿತು. ಅದು ಹೊಡೆದುಕೊಂಡಾಗ ಉಳಿದವರ ತಲೆ ಯಾವ ಕಡೆ ತಿರುಗುತ್ತದೆ ಎಂದು ನೋಡಿ ನಾನೂ ಆ ಕಡೆ ಓಡುತ್ತಿದ್ದೆ. ಒಬ್ಬಳೇ ಇದ್ದಾಗ ಒಂದು ಗಳಿಗೆಯೂ ಕೂರದೆ ಮಂಚದಿಂದ ಮಂಚಕ್ಕೆ ಸುತ್ತುತ್ತಿದ್ದೆ. ಯಾರಿಗೆ ಏನು ಬೇಕೆಂದು ಮುಖ ನೋಡಿಯೇ ಗೊತ್ತಾಗುತ್ತಿತ್ತು. ತಮಾಷೆ ಕೇಳಿ, ಇದರಿಂದಾಗಿ ಗಂಟೆ ಒತ್ತುವ ಮೊದಲೇ ಬರುವ ಹೆಂಗಸು ಎಂದು ನನಗೆ ಎಲ್ಲಿಲ್ಲದ ಹೊಗಳಿಕೆ ಸಿಕ್ಕಿತು.

ಆರೋಗ್ಯ ತಪಾಸಣೆಯಲ್ಲಿ ಕಿವಿಯನ್ನೂ ನೋಡುತ್ತಾರೆ ಎಂಬ ಸುದ್ದಿ ಬಂದಾಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಆ ದಿನ ಒಬ್ಬ ಹುಡುಗಿ ಪುಟ್ಟ ಪೆಟ್ಟಿಗೆಯಂಥ ಯಂತ್ರ ತಂದು ಮೇಜಿನ ಮೇಲಿಟ್ಟು, ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕಂತೆ. ಅವಳು ನನ್ನ ಎದುರಿಗೇ ಕೂತಿದ್ದಳು. ಬೆರಳು ಯಂತ್ರದ ಹಿಂದೆ ಮರೆಯಾಗಿದ್ದರೂ, ಸದ್ದು ಬಿಡುವಾಗ ಅವಳ ಬಳೆ ಒಂದು ನೂಲಿನಷ್ಟು ಜಾರುತ್ತಿತ್ತು. ಬಳೆ ಜಾರಿದಾಗಲೆಲ್ಲ ನಾನು ಒತ್ತಿದೆ. ಎರಡೂ ಕಿವಿ ಚೆನ್ನಾಗಿವೆ ಎಂದು ಚೀಟಿ ಬರೆದುಕೊಟ್ಟಳು. ಅವಳ ತಪ್ಪೇನೂ ಇಲ್ಲ. ನಲವತ್ತು ವರ್ಷ ಊರಿಗೂರನ್ನೇ ಯಾಮಾರಿಸಿದವಳಿಗೆ ಅವಳೊಬ್ಬಳು ಯಾವ ಲೆಕ್ಕ. ಆ ಸಂಜೆ ಮನೆಗೆ ಮೈಸೂರುಪಾಕು ತೆಗೆದುಕೊಂಡು ಹೋದೆ.

ನನ್ನ ಪಾಲಿಗಿದ್ದ ಹಿರಿಯರಲ್ಲಿ ದಂಡಿಗನಹಳ್ಳಿ ಕಡೆಯ ಗೌಡರ ಮನೆಯ ಅಜ್ಜಿಯೊಬ್ಬರು ಇದ್ದರು. ತೆಂಗಿನ ತೋಟವನ್ನು ತಾವೇ ನಿಂತು ಮಾಡಿಸಿದವರು. ಸೊಂಟ ಸೋತ ಮೇಲೆ, ಯಾರ ಹಂಗೂ ಬೇಡವೆಂದು ತಾವೇ ಜಾಗ ನೋಡಿ ಆರಿಸಿಕೊಂಡು ಬಂದಿದ್ದರು. ದಿನಾ ಸಂಜೆ ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಹೂವಿನವಳ ಹತ್ತಿರ ಚೌಕಾಸಿ ಮಾಡದಿದ್ದರೆ ಅವರಿಗೆ ರಾತ್ರಿಯ ಮುದ್ದೆ ಇಳಿಯುತ್ತಿರಲಿಲ್ಲ. ನನ್ನನ್ನು ಕಂಡರೆ ಪ್ರೀತಿ, ಬೈಗುಳ ಎರಡೂ ಧಾರಾಳ. ಊರಿನಲ್ಲಿ ನನಗಿದ್ದ ಹೆಸರನ್ನು ಒಮ್ಮೆ ಬಾಯಿಬಿಟ್ಟಾಗಿನಿಂದ ಅದೇ ಅವರ ಬೈಗುಳ.

ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಗಂಟೆ ಒತ್ತಿದರು. ಒತ್ತುತ್ತಲೇ ಇದ್ದರು. ಕೊನೆಗೆ ಅಡುಗೆಮನೆಯಿಂದ ಭಟ್ಟರು ಓಡಿಬಂದು, ನನ್ನನ್ನು ದಾಟಿಕೊಂಡು ಹೋದಾಗಲೇ ನನಗೆ ಗೊತ್ತಾದದ್ದು. ಅಜ್ಜಿಯ ಎಡಗೈ ಮಣಿಕಟ್ಟು ಮುರಿದಿತ್ತು.

ಗಂಟೆ ಕೆಟ್ಟಿದೆಯೇ ಎಂದು ಮ್ಯಾನೇಜರ್ ಎರಡು ಸಲ ಒತ್ತಿ ನೋಡಿದರು, ಸರಿಯಾಗಿಯೇ ಇತ್ತು. ಭಟ್ಟರು ತಮಗೆ ಕೇಳಿಸಿದ್ದು ಗಂಟೆಯೋ ಅಜ್ಜಿಯ ಕೂಗೋ ಎಂದು ಗಟ್ಟಿಯಾಗಿ ಹೇಳಲಾರದೆ ಹೋದರು. ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಜ್ಜಿ ಮಾತ್ರ ನನ್ನ ಕಡೆ ನೋಡದೆ ಹೇಳಿದರು, “ನಾನೇ ಒತ್ಲಿಲ್ಲ ಕಣಪ್ಪ. ಗಂಟೆ ಅಯ್ತೆ ಅನ್ನೋದೇ ಮರ್ತ್ಬುಟ್ಟೆ.”

ನನಗೆ ಹೋದ ಜೀವ ಬಂದ ಹಾಗಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಆ ನೆಮ್ಮದಿ ಮಾರನೆಯ ದಿನ ಬೆಳಿಗ್ಗೆವರೆಗೆ ಉಳಿಯಿತು. ಆಫೀಸಿನ ಗಾಜಿನ ಬಾಗಿಲಾಚೆ ಮ್ಯಾನೇಜರ್ ನರ್ಸಮ್ಮನ ಜೊತೆ ಮಾತಾಡುತ್ತಿದ್ದರು. ಬೇರೆಯವರಿಗೆ ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ. ನನಗೆ ಅವರ ತುಟಿ ಕಾಣುತ್ತಿತ್ತು. ಅಜ್ಜಿಗೆ ಮರೆವು ಶುರುವಾಗಿದೆ, ಹಾಗೆಂದು ಬರೆದು ನಾಳೆಯಿಂದ ಒಳಕೋಣೆಗೆ ಹಾಕಿ ಎನ್ನುತ್ತಿದ್ದರು. ಒಳಕೋಣೆ ಎಂದರೆ ಮರೆವಿನವರು ತಪ್ಪಿಸಿಕೊಂಡು ಹೋಗದಂತೆ ಹೊರಗಿನಿಂದ ಚಿಲಕ ಹಾಕುವ ಕೋಣೆ. ಅಲ್ಲಿಗೆ ಹೋದರೆ ಗೇಟೂ ಇಲ್ಲ, ಹೂವಿನವಳೂ ಇಲ್ಲ.

ಓಡಿಹೋಗಿ ಅಜ್ಜಿಯ ಎದುರು ಕೂತೆ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

“ನಿಂಗೆ ಕೇಳಾಕಿಲ್ಲ ಅಂತ ನೀ ಬಂದ್ ಮೂರ್ ದಿನುಕ್ಕೇ ಗೊತ್ತಾಯ್ತು ಕಣಮ್ಮಿ. ನನ್ ತಮ್ಮ ನಿನ್ನಂಗೇ ಇದ್ದ,” ಎಂದರು. “ಕ್ಯಾಲ್ಸ ಓಗ್ಬುಟ್ರೆ ಏನ್ ಮಾಡೀಯೆ ನೀನು?”

“ಒಳಕೋಣೆಗೆ ಆಕ್ತಾರಂತೆ ನಿಮ್ಮುನ್ನ.”

ಅಜ್ಜಿಯ ಮುಖ ಸಣ್ಣದಾಯಿತು. ಅದು ಅವರಿಗೆ ಗೊತ್ತಿರಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಡಿ ಎಳೆದುಕೊಂಡರು. ಆಮೇಲೆ ತಲೆ ಎತ್ತಿ, “ಆಕ್ಲಿ ಬುಡು,” ಎಂದರು. ಅವರ ತುಟಿ ನಡುಗುತ್ತಿದ್ದುದರಿಂದ ಆ ಮಾತು ಓದಲು ನನಗೆ ಕಷ್ಟವಾಯಿತು.

ಎದ್ದು ಸೀದಾ ಆಫೀಸಿಗೆ ಹೋದೆ. “ಸಾ, ಅಜ್ಜಿ ಗಂಟೆ ಒತ್ತಿದ್ರು. ನಂಗೇ ಕೇಳಿಸ್ನಿಲ್ಲ. ನಂಗೆ ಕಿವಿ ಕೇಳಾಕಿಲ್ಲ,” ಎಂದೆ. ಕಿವಿ ಹೋದಂದಿನಿಂದ ಆ ಮಾತನ್ನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬಳೆಯ ಕಥೆಯನ್ನೂ ಹೇಳಿದೆ. ಮ್ಯಾನೇಜರ್ ಚೀಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಅಜ್ಜಿಯ ಹೆಸರಿನ ಮುಂದೆ ಮರೆವು ಎಂದು ಬರೆದಿದ್ದನ್ನು ನನ್ನೆದುರಿಗೇ ಹೊಡೆದುಹಾಕಿದರು. ನನ್ನ ವಿಷಯಕ್ಕೆ ಆಶ್ರಮದ ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ ಬರಲಿ, ಅಲ್ಲಿಯವರೆಗೆ ಬಟ್ಟೆ ಒಗೆಯುವ ಕಡೆ ಇರು ಎಂದರು.

ಅಧಿಕಾರಿ ಒಂದು ವಾರ ಬಿಟ್ಟು ಬಂದರು. ಹೆಂಗಸು, ಮಿತಭಾಷಿ. ನನ್ನ ಗಂಟುಮೂಟೆ ಕಟ್ಟಿಸುತ್ತಾರೆ ಎಂದುಕೊಂಡೇ ಎದುರಿಗೆ ನಿಂತಿದ್ದೆ. ಅವರು ನಡೆದದ್ದನ್ನೆಲ್ಲ ಕೇಳಿ, ಬಚ್ಚಲು ನೋಡಿ, ಗಂಟೆ ಒತ್ತಿ, ನಾನು ತಿರುಗದೆ ನಿಂತದ್ದನ್ನೂ ನೋಡಿದರು. “ಗಂಟೆ ಇರಬೇಕು ಅಂತ ನಿಯಮ ಇದೆ. ಜೊತೆಗೆ ದೀಪ ಇರಬಾರದು ಅಂತ ಎಲ್ಲೂ ಇಲ್ಲವಲ್ಲ,” ಎಂದು ಮ್ಯಾನೇಜರ್‌ಗೆ ಹೇಳಿದರು. ನನಗೆ ಹೇಳಿದ್ದು ಇಷ್ಟೇ: ದೊಡ್ಡಾಸ್ಪತ್ರೆಗೆ ಹೋಗು, ಈ ಸಲ ಬಳೆ ನೋಡಬೇಡ.

ದೊಡ್ಡಾಸ್ಪತ್ರೆಯ ಆ ಚಿಕ್ಕ ಕೋಣೆಯಲ್ಲಿ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಗೋಡೆಯಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಆದರೂ ಕಣ್ಣು ಸುಮ್ಮನಿರದೆ ನೆರಳಿಗಾಗಿ ಹುಡುಕತೊಡಗಿತು. ಕಣ್ಣು ಮುಚ್ಚಿಕೊಂಡೆ. ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅಪರಿಚಿತರ ನಡುವೆ ಅಷ್ಟು ಹೊತ್ತು ಹಾಗೆ ಕೂತದ್ದು ಅದೇ ಮೊದಲು. ಭಯವಾಯಿತು. ಹೆಬ್ಬೆರಳು ಗುಂಡಿಯ ಮೇಲೆ ತವಕಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಅವ್ವ, ಇವತ್ತು ಗೊತ್ತಾಗಲಿ ಬಿಡು ಎಂದುಕೊಂಡೆ. ಹೊರಗೆ ಬಂದಾಗ ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದರು. ನನ್ನ ಕಿವಿ ಅಷ್ಟೊಂದು ಹೋಗಿದೆಯೆಂದು ತಿಳಿದು ನಾನು ಅತ್ತೆ, ಆದರೆ ಹಗುರವಾಗಿಯೇ ಅತ್ತೆ.

ಈಗ ಪ್ರತಿ ಬಾಗಿಲ ಮೇಲೂ ಕೆಂಪು ದೀಪವಿದೆ. ಒತ್ತಿದರೆ ಗಂಟೆಯೂ ಆಗುತ್ತದೆ, ದೀಪವೂ ಹತ್ತುತ್ತದೆ. ಬಟ್ಟೆ ಮಡಚುವ ಮೇಜನ್ನು ಬಾಗಿಲಿಗೆ ಎದುರಾಗಿ ತಿರುಗಿಸಿದ್ದೇವೆ. ಕರೆದದ್ದು ಯಾರಿಗಾದರೂ ಗೊತ್ತಾಯಿತೋ ಇಲ್ಲವೋ ಎಂದು ಒದ್ದಾಡುತ್ತಿದ್ದ ಕಿವಿಮಂದದ ಹಿರಿಯರಿಗೂ ದೀಪ ನೋಡಿ ಧೈರ್ಯ ಬಂದಿದೆ. ನಾನು ಮತ್ತೆ ನನ್ನ ಕೆಲಸಕ್ಕೆ ಮರಳಿದೆ. ಎರಡು ತಿಂಗಳಾದ ಮೇಲೆ ಎರಡೂ ಕಿವಿಗೆ ಶ್ರವಣಯಂತ್ರಗಳು ಬಂದವು. ಮೊದಲ ದಿನ ಸ್ಟೀಲ್ ತಟ್ಟೆಗಳ ಗದ್ದಲಕ್ಕೆ ತಲೆ ಚಿಟ್ಟುಹಿಡಿಯಿತು. ನನ್ನ ಚಪ್ಪಲಿಯೂ ಸದ್ದು ಮಾಡುತ್ತದೆ ಎಂದು ಗೊತ್ತಾಗಿ ನಾಚಿಕೆಯಾಯಿತು.

ಅವತ್ತು ಸಂಜೆ ಅಂಗಳದಲ್ಲಿ ಒಣಹಾಕಿದ್ದ ಹೊದಿಕೆಗಳನ್ನು ತೆಗೆಯುತ್ತಿದ್ದೆ. ಬೆನ್ನ ಹಿಂದೆ, ಗೇಟಿನ ಕಡೆಯಿಂದ, ಒಡಕಲು ದನಿಯೊಂದು ಬಂತು.

“ಲೇ, ಧಿಮಾಕಿನೋಳೇ.”

ತಿರುಗಿದೆ. ಅಜ್ಜಿ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ನಿಂತಿದ್ದರು. ಇಷ್ಟು ದಿನ ತುಟಿಯಲ್ಲಿ ಓದಿದ್ದ ಆ ಜೀವದ ದನಿ ಹೇಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ.