ಅಧಿಪತಿಯ ಎದುರು ಆಗ್ನೆಸ್

ಮೊನ್ನೆ ಗಾಯಕ್ಕೆ ಕಟ್ಟಲು ಹತ್ತಿಯ ಸುರುಳಿ ಬಿಚ್ಚಿದಾಗ, ಆ ಒಣ ವಾಸನೆಗೆ ದೋಹಾದ ಅಲ್ ಗರಾಫಾ ಬಡಾವಣೆಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು. ಎರಡು ಸಾವಿರದ ನಂತರದ ಮೊದಲ ವರ್ಷಗಳು... ನನಗೆ ಒಂಬತ್ತೋ ಹತ್ತೋ. ಹಳೆಯ ಬಿಳಿ ಬನಿಯನ್ನಿಗೆ ಹತ್ತಿ ಅಂಟಿಸಿ ಅವಳು ನನ್ನನ್ನು ಕುರಿಮರಿ ಮಾಡುತ್ತಿದ್ದಳು.

ಅವರು ಮಂಗಳೂರಿನ ಕ್ರೈಸ್ತರು, ನಾವು ತುಳು ಮಾತಾಡುವ ಹಿಂದೂಗಳು. ಆಗಿನ್ನೂ ದೋಹಾದಲ್ಲಿ ಇಗರ್ಜಿ ಇರಲಿಲ್ಲ. ರಜೆ ಶುಕ್ರವಾರವಾದ್ದರಿಂದ ಮಕ್ಕಳ ಸಂಡೇ ಕ್ಲಾಸ್ ಕೂಡ ಶುಕ್ರವಾರವೇ, ಅವರ ಮನೆಯ ಹಾಲ್‌ನಲ್ಲಿ. ಜನವರಿಯಲ್ಲಿ ಸಂತ ಆಗ್ನೆಸಳ ಹಬ್ಬಕ್ಕೊಂದು ನಾಟಕ. ಅಕ್ಕಪಕ್ಕದವರಿಗೂ ಅರ್ಥವಾಗಲೆಂದು ಕನ್ನಡದಲ್ಲಿ. ಆಗ್ನೆಸ್ ಪಾತ್ರ ಅಕ್ಕನದು. ಮಕ್ಕಳು ಸಾಲದೆ ನನ್ನನ್ನೂ, ಆಗ್ನೆಸಳ ಚಿತ್ರಗಳಲ್ಲಿ ಸದಾ ಜೊತೆಗಿರುವ ಕುರಿಮರಿಯಾಗಿ, ಸೇರಿಸಿಕೊಂಡಿದ್ದರು.

ಕಥೆಯನ್ನು ಅಕ್ಕನೇ ನನಗೆ ಹೇಳಿದ್ದಳು. ಆಗ್ನೆಸ್ ರೋಮ್‌ನ ಹುಡುಗಿ, ಹದಿಮೂರು ತುಂಬಿರಲಿಲ್ಲವೇನೋ. ತಾನು ದೇವರಿಗೆ ಸೇರಿದವಳೆಂದು ದೊಡ್ಡ ಮನೆತನದ ವರನನ್ನು ನಿರಾಕರಿಸಿದಳು. ಅಧಿಪತಿಯ ಮುಂದೆ ನಿಲ್ಲಿಸಿ ಹೆದರಿಸಿದರು. ತೊಡಿಸಿದ ಕೋಳ ಅವಳ ಸಣ್ಣ ಕೈಯಿಂದ ಜಾರಿಬಿತ್ತಂತೆ. ಕೊನೆಗೆ ಕತ್ತಿ... ಅವಳಿಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದ್ದೆ.

"ಆಗಿರ್ಬೇಕು. ಆದ್ರೂ ಹೇಳಿದಳಲ್ಲ" ಎಂದಿದ್ದಳು ಅಕ್ಕ.

ಅಕ್ಕನಿಗೆ ಹದಿನೆಂಟು. ಕಾನ್ವೆಂಟ್ ಸೇರಿ ಸಿಸ್ಟರ್ ಆಗಬೇಕೆಂಬ ಆಸೆ ಅವಳಿಗಿತ್ತು. ತಂದೆಗೆ ಒಮ್ಮೆ ಹೇಳಿಯೂ ಇದ್ದಳು. ಅವರು ನಕ್ಕು ಸುಮ್ಮನಾಗಿ, ಮೆಸಯೀದ್‌ನಲ್ಲಿದ್ದ ಒಬ್ಬ ಎಂಜಿನಿಯರ್ ಮನೆಯವರೊಂದಿಗೆ ಮಾತು ಮುಗಿಸಿದ್ದರು. ಮೇ ತಿಂಗಳಲ್ಲಿ ಊರಿನಲ್ಲಿ ಮದುವೆ.

ನಾಟಕ ಬರೆದು ಕಲಿಸಿದವರೂ ಅವಳ ತಂದೆಯೇ, ನಮ್ಮ ಅಂಕಲ್. ದಪ್ಪ ಮೀಸೆ, ದೊಡ್ಡ ಗಂಟಲು. ಹಾಗಾಗಿ ಅಧಿಪತಿಯ ಪಾತ್ರವೂ ಅವರದೇ. "ಯಲ್ಲಾ, ನಡಿ ಕುರಿಮರಿ, ಎಷ್ಟು ಅಲ್ಲಾಡ್ತಿ ಮಾರಾಯ್ತಿ? ಸಾಯುವುದು ನೀನಲ್ಲ" ಎಂದು ಅಭ್ಯಾಸದಲ್ಲಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು.

ನಾಟಕದ ದಿನ ವರನ ಮನೆಯವರು ಮೊದಲ ಸಾಲಿನಲ್ಲಿದ್ದರು. ಅಧಿಪತಿ ಕೊನೆಯ ಬಾರಿ ಕೇಳಿದ. ಈ ವಿವಾಹಕ್ಕೆ ನಾನು ಸಮ್ಮತಿಸಲಾರೆ ಎಂದು ಅಕ್ಕ ಹೇಳಬೇಕಿತ್ತು. ಅವಳು ಅಂಕಲ್ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ನಂಗೆ ಈ ಮದುವೆ ಬೇಡ. ಪ್ಲೀಸ್."

ಆ ಪ್ಲೀಸ್ ಕೇಳಿ ಹಾಲ್‌ ತುಂಬ ನಗು. ಇಲ್ಲೇ ಬೆಳೆದ ಹುಡುಗಿ, ಕನ್ನಡ ತಪ್ಪಿತು ಎಂದುಕೊಂಡರು. ನಾನು ಅವಳ ಕಾಲ ಬಳಿ ಕುಳಿತಿದ್ದೆ. ಎಲ್ಲರೂ ನಗುತ್ತಿದ್ದರೂ ಅವಳು ಅಂಕಲ್ ಮುಖದಿಂದ ಕಣ್ಣು ತೆಗೆಯಲಿಲ್ಲ. ಅಂಕಲ್ ಒಮ್ಮೆ ಮೊದಲ ಸಾಲಿನತ್ತ ನೋಡಿ, ತಾವು ಬರೆದಿದ್ದ ಮುಂದಿನ ಮಾತನ್ನು ಹೇಳಿದರು: "ಇವಳನ್ನು ಕರೆದೊಯ್ಯಿರಿ."

ಚಪ್ಪಾಳೆ ಬಿತ್ತು. ಭಾವೀ ಅತ್ತೆ ಎದ್ದು ಬಂದು ಅವಳ ಗಲ್ಲ ಸವರಿದರು.

ಮದುವೆ ನಡೆಯಿತು. ಗಂಡ ಒಳ್ಳೆಯವರೇ. ಮಕ್ಕಳೊಂದಿಗೆ ಅವರೀಗ ಬೇರೆ ದೇಶದಲ್ಲಿದ್ದಾರೆ. ಅಕ್ಕ ತಂದೆಗೆ ತಪ್ಪದೆ ಫೋನ್ ಮಾಡುತ್ತಾಳೆ. ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ. ಅದರಾಚೆ ಇಬ್ಬರಿಗೂ ಮಾತು ಹುಟ್ಟುವುದಿಲ್ಲವಂತೆ.

ಕಳೆದ ವಾರ ಅಂಕಲ್ ನಮ್ಮ ಮನೆಗೆ ಬಂದಿದ್ದರು. ಇಲ್ಲೇ ಲುಸೈಲ್‌ನಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಸಂಬಂಧ ನನಗೆ ಬಂದಿರುವುದನ್ನು ಅಮ್ಮ ಸಂಭ್ರಮದಿಂದ ಹೇಳುತ್ತಿದ್ದಳು. ಅಂಕಲ್ ಚಹಾದ ಕಪ್ ಕೆಳಗಿಟ್ಟರು.

"ಇವಳ ಹತ್ರ ಕೇಳಿದ್ದೀರಾ?"

ಅಮ್ಮ ನಕ್ಕಳು. ಅಂಕಲ್ ನಗಲಿಲ್ಲ. ನನ್ನ ಕಡೆ ತಿರುಗಿ, ಉತ್ತರಕ್ಕೆ ಕಾದರು. ಆ ಪ್ರಶ್ನೆ ಮೊದಲು ಯಾರಿಗೆ ಸಲ್ಲಬೇಕಿತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು.