ಶತ್ರುವಿನ ಹಡಗಿನಲ್ಲಿ ದುಡಿದವರು

ಅವರ ಎಡಗೈ ಬೆರಳುಗಳ ಚರ್ಮ ಹಿಂದೆಂದೋ ಉಗಿಗೆ ಬೆಂದು, ಎಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕರೆಗಂಟೆ ಇದ್ದರೂ ಆ ಕೈಯಿಂದಲೇ ಬಾಗಿಲು ಬಡಿಯುತ್ತಿದ್ದರು. ಜಪಾನಿನ ಇಚಿಕಾವಾದಲ್ಲಿ ನಮ್ಮ ಬಾಡಿಗೆ ಮನೆಯ ಮಾಲೀಕರು. ತೊಂಬತ್ತರ ಹತ್ತಿರದ ಒಂಟಿ ಮುದುಕರು, ಕೆಳಗಿನ ಮನೆಯಲ್ಲೇ ಇದ್ದರು. ಕಸ ಬೇರ್ಪಡಿಸಿದ್ದು ತಪ್ಪಾದರೆ ಬಡಿತ, ಕುಕ್ಕರ್ ಕೂಗಿದರೂ ಬಡಿತ.

"ಒತ್ತಡ ಹೆಚ್ಚಾಗಿದೆ. ಉರಿ ತಗ್ಗಿಸಿ."

"ಕೂಗೋದೇ ಕುಕ್ಕರ್ ಕೆಲಸ ಅಂತ ಇವ್ರಿಗೆ ನೀವೇ ಎಕ್ಸ್‌ಪ್ಲೇನ್ ಮಾಡ್ರೀ, ನನ್ಗಂತೂ ಸಾಕಾಯ್ತು," ಎನ್ನುತ್ತಿದ್ದಳು ಹೆಂಡತಿ. ನಾನು ಹೋಗಿ 'ಸುಮಿಮಾಸೆನ್', ಕ್ಷಮಿಸಿ, ಎಂದು ಸೊಂಟ ಬಗ್ಗಿಸುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿರಲಿಲ್ಲ, ಹಡಗಿನ ಕಥೆ ಶುರುವಾಗುತ್ತಿತ್ತು.

ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಫ್ರಿಗೇಟ್ ಯುದ್ಧನೌಕೆ ಅದು. ಆಗ ಮಿತ್ರನಾಗಿದ್ದ ರಷ್ಯಾಕ್ಕೆ ಕೊಟ್ಟು, ವಾಪಸು ಪಡೆದು, ಕೊನೆಗೆ ಸೋತು ಹೊಸ ಮಿತ್ರನಾಗಿದ್ದ ಜಪಾನಿಗೇ ಎರವಲು ಕೊಟ್ಟಿದ್ದರು. ಹರೆಯದಲ್ಲಿ ಇವರು ಅದರ ಬಾಯ್ಲರ್ ಕೋಣೆಗೆ ಸೇರಿದ್ದರು. ವಾಲ್ವುಗಳ ಮೇಲೆ ಇಂಗ್ಲಿಷ್, ಅದರ ಮೇಲೆ ಬಣ್ಣದಲ್ಲಿ ಬರೆದ ರಷ್ಯನ್. ಎರಡೂ ಓದಲಾಗದೆ ತಪ್ಪು ವಾಲ್ವು ತಿರುಗಿಸಿ ಕೈ ಬೇಯಿಸಿಕೊಂಡರಂತೆ. ಇಷ್ಟನ್ನೂ ನನಗೆ ಆಫೀಸಿಗೆ ತಡವಾಗುತ್ತಿರುವಾಗಲೇ ಹೇಳಬೇಕು.

ಕಳೆದ ವರ್ಷ, ಹಿಂದೆ ಆ ಹಡಗು ನಿಲ್ಲುತ್ತಿದ್ದ ಯೊಕೊಸುಕಾ ಬಂದರಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದರು. ನಾನು ಹತ್ತಿಸಿದ ರೈಲು ತಪ್ಪು, ಕೂರಿಸಿದ ಬದಿ ತಪ್ಪು ಎಂದು ದಾರಿಯುದ್ದಕ್ಕೂ ಬೈದರು. ಆ ಹಡಗೋ ಎಂದೋ ಗುಜರಿಗೆ ಹೋಗಿತ್ತು. ದಂಡೆಯ ಕಂಬಿ ಹಿಡಿದು ಖಾಲಿ ನೀರು ನೋಡುತ್ತ ನಿಂತವರನ್ನು ಕಂಡು ನನಗೆ ರೇಗಿತು.

"ಹಡಗೇ ಇಲ್ಲವಲ್ಲ, ಹೊರಡೋಣವಾ?"

"ಹಡಗು ನೋಡೋಕೆ ಬಂದಿಲ್ಲ," ಎಂದರು. "ನಮ್ಮಪ್ಪ ಸರಕು ಹಡಗಿನಲ್ಲಿದ್ದರು. ಅದನ್ನು ಅಮೆರಿಕದವರು ಮುಳುಗಿಸಿದರು. ನಾನು ಅವರದೇ ಹಡಗು ಸೇರಿದೆ ಅಂತ ಅಮ್ಮ ಮಾತು ಬಿಟ್ಟಳು. ಆದರೂ ಕೈ ಸುಟ್ಟ ಸುದ್ದಿ ಕೇಳಿ ಇಲ್ಲಿಗೆ ಬಂದಳಂತೆ. ಕಾವಲಿನವರು ಒಳಗೆ ಬಿಡಲಿಲ್ಲ. ಸಂಜೆಯವರೆಗೂ ನಿಂತಿದ್ದು ಹೋದಳಂತೆ. ಅವಳು ತೀರಿಕೊಂಡ ಮೇಲೆ ಅಕ್ಕ ಹೇಳಿದಳು."

ಆಮೇಲೆ ಆ ಜಾಗಕ್ಕೆ ತಲೆಬಾಗಿ ಬಹಳ ಹೊತ್ತು ನಿಂತರು. ನಾನು ಅವಸರಪಡಿಸಲಿಲ್ಲ. ವಾಪಸು ಬರುವಾಗ, ಕೊಂಬಿನಿ ಅಂಗಡಿಯಿಂದ ನಾನು ತಂದ ಚಹಾ ಆರಿಹೋಗಿದೆ ಎಂದು ಮತ್ತೆ ಬೈದರು.

ಚಳಿಗಾಲದಲ್ಲಿ ಅವರು ತೀರಿಕೊಂಡರು. ಓಸಾಕಾದಿಂದ ಬಂದಿದ್ದ ಅವರ ಮಗಳ ಮುಂದೆ ಬಾಗಿ, "ನಮ್ಮಿಂದ ಅವರಿಗೆ ಬಹಳ ತೊಂದರೆಯಾಯಿತು," ಎಂದೆ.

ಆಕೆ ಇಲ್ಲವೆಂದು ತಲೆಯಾಡಿಸಿದರು. "ನಿಮ್ಮನ್ನು ಬೈದು ಬಂದ ದಿನ ಫೋನಿನಲ್ಲಿ ಅಪ್ಪನ ದನಿ ಗಟ್ಟಿಯಾಗಿರುತ್ತಿತ್ತು. ಇವತ್ತು ಹೊಟ್ಟೆ ತುಂಬ ಉಂಡೆ ಅನ್ನುತ್ತಿದ್ದರು."