ದಾವಲಮಲಿಕರ ಸೋರುವ ಮಾಳಿಗೆ

ಬಸವನ ಬಾಗೇವಾಡಿಯ ಹಳೇ ಪೇಟೆಯಲ್ಲಿ ಚಹಾದಂಗಡಿ ಕೂಡ ಇನ್ನೂ ಬಾಗಿಲು ತೆರೆದಿಲ್ಲ. ದಾವಲಮಲಿಕರು ಆಗಲೇ ನಿಚ್ಚಣಿಕೆ ಏರುತ್ತಿದ್ದಾರೆ. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಲ್ಲುತ್ತಾರೆ, ಉಸಿರು ಬಿಡುತ್ತಾರೆ, ಮತ್ತೊಂದು ಏರುತ್ತಾರೆ. ಕೈಯಲ್ಲಿ ಕಲಸಿದ ಮಣ್ಣಿನ ಬಕೆಟ್ಟು. ಅರವತ್ತಮೂರು ವರ್ಷದ ಮೊಣಕಾಲು ಈ ಹೊತ್ತಿನಲ್ಲಿ ಯಾರ ಮಾತೂ ಕೇಳುವುದಿಲ್ಲ. "ಏರೂದು ಹ್ಯಾಂಗರ ಏರ್ತೇನ್ರಿ. ಇಳಿಯೂ ಮುಂದ ಜೀವ ಬಾಯಿಗೆ ಬರ್ತೈತಿ," ಎನ್ನುತ್ತಾರೆ.

ಇವರ ಕಸುಬು ಮನೆಗಳಿಗೆ ಮಣ್ಣಿನ ಮಾಳಿಗೆ, ಅಂದರೆ ಚಪ್ಪಟೆ ಚಾವಣಿ, ಹಾಕುವುದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ನೀರು ಇಂಗದ ಸವಳು ಮಣ್ಣು. ಪ್ರತಿ ವರ್ಷ ಮುಂಗಾರಿಗೆ ಮೊದಲು ಅದರ ಬಿರುಕು ಮುಚ್ಚಬೇಕು. ಹರೆಯದಲ್ಲಿ ದಿನಕ್ಕೆ ನೂರು ಪುಟ್ಟಿ ಮಣ್ಣು ಮೇಲೇರಿಸಿದವರು ಈಗ ನಲವತ್ತಕ್ಕೆ ಸುಸ್ತಾಗುತ್ತಾರೆ. ಇಂಗಳೇಶ್ವರದಿಂದ ನಿಡಗುಂದಿಯವರೆಗೆ ಇವರನ್ನು ಕರೆಯುತ್ತಿದ್ದ ಮನೆಗಳು ಇನ್ನೂರು ಮೀರಿದ್ದವು. ಒಬ್ಬೊಬ್ಬರಾಗಿ ಸಿಮೆಂಟಿನ ಸ್ಲ್ಯಾಬಿಗೆ ಹೋದರು. ಉಳಿದಿರುವುದು ಹನ್ನೊಂದು ಮನೆ.

"ಬಿಡು, ಸಾಕು ಅಂತ ನಜಮಾ ದಿನಾ ಮೊಣಕಾಲಿಗೆ ಎಣ್ಣಿ ತಿಕ್ಕೋತ ಬೈತಾಳ್ರಿ. ಬಿಟ್ರ ಆ ಹನ್ನೊಂದ ಮನಿ ಯಾರ ನೋಡಬೇಕು?" ಎಂದು ಕೇಳುತ್ತಾರೆ. ಹೆಂಡತಿಯ ಮಾತು ಖರೆ ಎಂದು ಅವರಿಗೂ ಗೊತ್ತು. ಆದರೆ ಈ ಮನುಷ್ಯನ ಬಳಿ ಇರುವ ಆಸ್ತಿ ಒಂದೇ. ತನ್ನ ಕೈಯ ಮಾಳಿಗೆ ಸೋರಿತು ಎಂದು ಇದುವರೆಗೆ ಯಾರೂ ಅಂದಿಲ್ಲ.

ಅಂಥವರಿಗೆ ಸಿಕ್ಕಿದ್ದು ಇಂಥ ಕೆಲಸ! ಸಿಂದಗಿಯ ಇರಮ, ಇಂಡಿಯ ಕಾವೇರಿ ಜೊತೆಯಾಗಿ ಚಿತ್ರಕಲೆ ಓದಿದ ಗೆಳತಿಯರು, ಜೊತೆಯಾಗಿಯೇ ಪ್ರದರ್ಶನ ಮಾಡುವವರು. ಪೇಟೆಯ ಮಾಳಿಗೆ ಬಿದ್ದ ಒಂದು ಹಳೇ ಮನೆಯನ್ನು ತಿಂಗಳ ಮಟ್ಟಿಗೆ ಗ್ಯಾಲರಿ ಮಾಡಿಕೊಂಡಿದ್ದಾರೆ. ಗೋಡೆಗೆ ಒಂದೂ ಚಿತ್ರ ತೂಗುಹಾಕಿಲ್ಲ. ನೆಲದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಣ್ಣನ್ನು ನಾಲ್ಕು ಪಟ್ಟೆಯಾಗಿ ಹರಡಿದ್ದಾರೆ. ದಾವಲಮಲಿಕರಿಂದ ಹಾಕಿಸಿದ ಹೊಸ ಮಾಳಿಗೆಯಲ್ಲಿ ಬೇಕೆಂದೇ ಬಿಡಿಸಿದ ಹದಿನೆಂಟು ಸಣ್ಣ ಸೀಳು. ಕೆಲವು ಮೂಡಣಕ್ಕೆ ವಾಲಿದವು, ಕೆಲವು ಪಡುವಣಕ್ಕೆ. ಹೊತ್ತು ಏರಿದಂತೆ ಬಿಸಿಲಿನ ಗೆರೆ ಒಂದು ತಾಲ್ಲೂಕಿನ ಮಣ್ಣಿನಿಂದ ಇನ್ನೊಂದಕ್ಕೆ ನಡೆದು ಹೋಗಬೇಕು.

"ದೇವಣಗಾಂವದಾಗ ನಮ್ಮ ನಾನಿ ಗಡಿಯಾರ ನೋಡ್ತಿರಲಿಲ್ಲ. ಮಾಳಗಿ ಬಿರುಕಿನ ಬಿಸಲ ಒಲಿ ಮುಟ್ಟಿತಂದ್ರ ರೊಟ್ಟಿಗೆ ಕುಂದ್ರತಿದ್ಲು," ಎಂದು ಇರಮ ನೆನೆಯುತ್ತಾಳೆ. ಅದನ್ನು ಕೇಳಿಯೇ ದಾವಲಮಲಿಕರು ಒಪ್ಪಿದ್ದು. ಒಪ್ಪಿದ ಮೇಲೆ ಎಂಟು ದಿನ ಸರಿಯಾಗಿ ಉಂಡಿಲ್ಲ. ಹಸಿ ಮಣ್ಣಿನಲ್ಲಿ ಮರದ ಪಟ್ಟಿ ಇಟ್ಟು, ಒಣಗಿದ ಮೇಲೆ ಎಳೆದು, ತಾವೇ ಸೀಳು ಬಿಡಿಸಿದರು.

ಇವತ್ತು ಪ್ರದರ್ಶನದ ಮೊದಲ ದಿನ. ಅಂಚಿನಲ್ಲಿ ಎಲ್ಲೋ ಮಣ್ಣು ಸಡಿಲಾಗಿದೆಯೆಂದು ಮೇಲೆ ಹೋದವರು ತಾಸುಗಟ್ಟಲೆ ಕೆಳಗಿಳಿಯುವುದಿಲ್ಲ. ಬಿಸಿಲು ಬಿದ್ದು ತಾಸಾದ ಮೇಲೆ ಕಾವೇರಿಯ ಕೂಗು ಕೇಳುತ್ತದೆ. "ಕಾಕಾ, ಬಿಸಲ ಎಲ್ಲಿ ಹೋತು? ಕೆಳಗ ಬರೇ ಕತ್ತಲ ಐತಿ!"

ದಾವಲಮಲಿಕರು ತಮ್ಮ ಕೈ ನೋಡಿಕೊಳ್ಳುತ್ತಾರೆ. ಮುಂಗೈತನಕ ಹಸಿ ಮಣ್ಣು. ಹದಿನೆಂಟೂ ಸೀಳು ಗುರುತು ಸಿಗದಂತೆ ಮುಚ್ಚಿವೆ. ನುಣ್ಣಗಿನ ಆ ಮಾಳಿಗೆ ನೋಡಿ ಮೊದಲು ಸಮಾಧಾನವಾದದ್ದು ಸುಳ್ಳಲ್ಲ. ಆಮೇಲೆ ಅಂಚಿಗೆ ಸರಿದು ಕೆಳಗೆ ನೋಡುತ್ತಾರೆ. "ಬೇಕಂತ ಮಾಡಿಲ್ಲವ್ವಾ. ನಲವತ್ತ ವರ್ಷದ ಕೈ ಇವು. ಬಿರುಕ ಕಂಡ್ರ ಮೆತ್ತತಾವು," ಎನ್ನುತ್ತಾರೆ.

ಹತ್ತಕ್ಕೆ ಜನ ಬರುವವರಿದ್ದಾರೆ. ಇರಮ ಬೈಯುವುದಿಲ್ಲ, ಕಬ್ಬಿಣದ ಸಲಾಕೆ ಹಿಡಿದು ಮೇಲೆ ಬರುತ್ತಾಳೆ. "ನಾವ ಚುಚ್ಚತೇವಿ ಕಾಕಾ. ನೀವ ಕುಂಡ್ರರಿ."

"ಸಲಾಕಿ ಬ್ಯಾಡವ್ವಾ, ಹೆಂಟಿ ಹೆಂಟಿ ಮಣ್ಣ ಉದರತೈತಿ. ಮೆತ್ತಿದ ಕೈನ ತಗೀಬೇಕು."

ಮೊಣಕಾಲು ಮಡಚಲು ಬಾರದು. ಹೊಟ್ಟೆಯ ಮೇಲೆ ಮಲಗಿ, ತೊಗರಿ ಕಟ್ಟಿಗೆಯಿಂದ ಒಂದೊಂದೇ ಸೀಳು ಕೆದಕುತ್ತಾರೆ. ಬೆಳಕು ಇಳಿದಾಗಲೆಲ್ಲ ಕೆಳಗಿನಿಂದ ಕಾವೇರಿ "ಬಂತು ಕಾಕಾ!" ಎಂದು ಸಂತೋಷದಿಂದ ಕೂಗುತ್ತಾಳೆ. ದಾವಲಮಲಿಕರಿಗೆ ಅದು ಬೈಗುಳದ ಹಾಗೆ ಕೇಳುತ್ತದೆ. ಹದಿನೆಂಟನೆಯದು ತೆರೆದಾಗ ಹತ್ತಕ್ಕೆ ಐದು ನಿಮಿಷ.

ಬಂದವರೆಲ್ಲ ಬೆರಗಾಗುತ್ತಾರೆ. ಸಿಂದಗಿಯ ಕರಿಮಣ್ಣಿನ ಮೇಲೆ ಬಿಸಿಲಿನ ಗೆರೆ ಮೆಲ್ಲಗೆ ಸರಿಯುವುದನ್ನು ನೋಡುತ್ತ ಚಪ್ಪಲಿ ಬಿಟ್ಟು ಕೂತವರೂ ಇದ್ದಾರೆ. ಗೆಳತಿಯರ ಕೈಕುಲುಕಲು ಜನ ಸಾಲುಗಟ್ಟಿದ್ದಾರೆ. ದಾವಲಮಲಿಕರು ಬಾಗಿಲ ಮರೆಗೆ ಗೋಡೆಗೊರಗಿ ಕೂತಿದ್ದಾರೆ. ಅವರ ದೃಷ್ಟಿಯೆಲ್ಲ ಇಂಗಳೇಶ್ವರದಿಂದ ಬಂದ ಶಂಕ್ರೆವ್ವನ ಮೇಲೆ. ಆ ಹನ್ನೊಂದು ಮನೆಗಳಲ್ಲಿ ಒಂದು ಆಕೆಯದು. ಆಕೆ ನೆಲ ನೋಡುತ್ತಿಲ್ಲ, ತಲೆಯೆತ್ತಿ ಮಾಳಿಗೆ ನೋಡುತ್ತಿದ್ದಾಳೆ.

"ದಾವಲಾ, ಇದ ನಿನ್ನ ಕೈದೇನೋ?"

"ಹೂಂ ಅಕ್ಕಾ, ನಂದ."

"ಇಷ್ಟ ಸೋರತೈತಿ!"

"ಸೋರೂದಲ್ಲಕ್ಕಾ. ಬೇಕಂತ ಇಟ್ಟೇವಿ."

"ಬೇಕಂತ ಯಾರರ ಮಾಳಗಿಗೆ ತೂತ ಇಡ್ತಾರೇನು?" ಶಂಕ್ರೆವ್ವ ಸೆರಗು ಸರಿಮಾಡಿಕೊಂಡು ಹೊರಡುತ್ತಾಳೆ. ಹೊಸ್ತಿಲಲ್ಲಿ ನಿಂತು, "ಈ ವರ್ಷ ನಮ್ಮ ಮಾಳಗಿ ಕೆಲಸ ಆಮ್ಯಾಲ ನೋಡೋಣಂತ" ಎಂದು ಹೇಳಿ ಹೋಗುತ್ತಾಳೆ. ಇರಮ ತಿಳಿಸಿ ಹೇಳಲು ಹಿಂದೆಯೇ ಓಡುತ್ತಾಳೆ. ಶಂಕ್ರೆವ್ವ ಆಗಲೇ ಇಂಗಳೇಶ್ವರದ ಬಸ್ಸು ಹತ್ತಿದ್ದಾಳೆ, ಬಸ್ಸು ಯಾರಿಗೂ ಕಾಯುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಈ ಮನೆಯನ್ನು ಕೆಡವಿ ಮಾಲೀಕರು ಅಂಗಡಿ ಕಟ್ಟಿಸುತ್ತಾರೆ. ದಾವಲಮಲಿಕರಿಗೆ ಅದರ ಬಗ್ಗೆ ದೂರಿಲ್ಲ. ಜಾಗ ಮಾಲೀಕರದು. ಗೆಳತಿಯರ ಹತ್ತಿರ ಇವರು ಬೇಡಿಕೊಂಡಿದ್ದು ಒಂದೇ ಮಾತು.

"ಮಾಲಕರಿಗೆ ಹೇಳ್ರವ್ವಾ, ರೋಹಿಣಿ ಮಳಿ ಒಂದ ಆಗೂಮಟ ತಡೀಲಿ. ಹದಿನೆಂಟೂ ಸೀಳ ನಾನ ಮುಚ್ಚತೇನಿ. ಮಳಿ ಬೀಳೂ ದಿನ ಶಂಕ್ರೆವ್ವನ್ನ ಕರಕೊಂಡ ಬಂದು, ಇದರ ನಟ್ಟನಡಬರಕ ಕುಂಡ್ರಸ್ತೇನಿ."